ಕುಮಾರ ಗಂಧರ್ವ ಹಾಡದೇ ಇದ್ದ ವರ್ಷಗಳು

ಬೆಳಗಾವಿಯಲ್ಲಿ ಓದುತ್ತಿರೋ ನಮ್ಮಲ್ಲಿ ಬಹಳ ಮಂದಿಗೆ ಕುಮಾರ ಗಂಧರ್ವ ಅಂದ್ರೆ ಮೊದಲು ನೆನಪಾಗೋದು ಒಂದು ಕಟ್ಟಡ. ಶಾಲೆಯ ಗ್ಯಾದರಿಂಗು, ನಾಟಕ, ಸನ್ಮಾನ, ಜಯಂತಿ ಎಲ್ಲ ಅಲ್ಲೇ ನಡೀತಾವೆ. ಆಟೋದವರಿಗೆ ಬರೀ ರಂಗಮಂದಿರ ಅಂದರೂ ಸಾಕು. ಆದರೆ ಆ ಹೆಸರಿನ ಮನುಷ್ಯ ಹಾಡಿದ್ದನ್ನ ಹತ್ತು ನಿಮಿಷ ಕೂತು ಕೇಳಿದವರು ಒಂದು ಕ್ಲಾಸಿನಲ್ಲಿ ಎಷ್ಟು ಮಂದಿ ಸಿಗ್ತಾರೆ? ಕೈ ಎತ್ತಿಸಿದರೆ ಒಂದು ಬೆಂಚು ತುಂಬೋದೂ ಡೌಟು.

ನಾವು ಕ್ಲಬ್ಬಿನ ನಾಲ್ಕು ಜನ ಹೋದ ಸೆಮ್‌ನಿಂದ ಅವರ ರೆಕಾರ್ಡಿಂಗುಗಳ ಬೆನ್ನು ಹತ್ತಿದ್ದೀವಿ. ಇಬ್ಬರು ಬೆಳಗಾವಿಯವರು, ಇಬ್ಬರು ಖಾನಾಪುರದ ಕಡೆಯವರು. ನಾಲ್ವರೂ ಮೊದಲು ರಾಕ್ ಕೇಳ್ತಿದ್ದವರೇ. ರಾಕ್ ಕೇಳೋರಿಗೆ ಸಿಡ್ ಬ್ಯಾರೆಟ್ ಕತೆ ಗೊತ್ತಿರುತ್ತೆ. ಪಿಂಕ್ ಫ್ಲಾಯ್ಡ್ ಕಟ್ಟಿದ, 1967ರಲ್ಲಿ ಮೊದಲ ಆಲ್ಬಂ ಮಾಡಿದ, 1968ರಲ್ಲಿ ಮನಸ್ಸಿನ ಸ್ವಾಸ್ಥ್ಯ ಕೆಟ್ಟು ಬ್ಯಾಂಡಿನಿಂದ ಹೊರಗೆ ಬಂದ. 1970ರಲ್ಲಿ ಎರಡು ಸೋಲೋ ಆಲ್ಬಂ ಬಂದವು. ಆಮೇಲೆ ಕೇಂಬ್ರಿಜ್‌ಗೆ ವಾಪಸ್ ಹೋಗಿ, 2006ರಲ್ಲಿ ತೀರಿಕೊಳ್ಳೋವರೆಗೂ ಸಂಗೀತದ ಕಡೆ ತಿರುಗಿ ಬರಲೇ ಇಲ್ಲ. ಅವನ ಅಭಿಮಾನಿಗಳು ಇವತ್ತಿಗೂ ಯಾವ ಟೇಕ್ ಒಳ್ಳೇದು, ಯಾವ ಕನ್ಸರ್ಟಿನಲ್ಲಿ ಏನಾಯ್ತು ಅಂತ ಜಗಳ ಆಡ್ತಾರೆ. ಅವರ ಎಲ್ಲ ಜಗಳದ ನಡುವೆ ಇರೋದು ಒಂದು ಮೌನ. ನಮ್ಮ ಊರಿನ ಮಗ್ಗುಲಲ್ಲೇ ಹುಟ್ಟಿದ ಒಬ್ಬ ಗಾಯಕನ ಬದುಕಿನ ನಡುವೆಯೂ ಅಂಥದ್ದೇ ಒಂದು ಮೌನ ಇದೆ. ವ್ಯತ್ಯಾಸ ಏನಂದ್ರೆ, ಈತ ಅದರಿಂದ ಹೊರಗೆ ಬಂದರು. ಬಂದಾಗ ಮೊದಲಿನ ಹಾಗೆ ಹಾಡಲಿಲ್ಲ.

ಹುಟ್ಟಿದ್ದು 1924ರ ಏಪ್ರಿಲ್ 8ರಂದು, ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ. ಸಾಂಬ್ರಾ ಕಡೆ ಹೋದರೆ ಸಿಗೋ ಊರು, ಮಹಾಲಕ್ಷ್ಮಿ ಜಾತ್ರೆಗೆ ನಮ್ಮಲ್ಲಿ ಎಷ್ಟೋ ಮಂದಿ ಹೋಗಿರ್ತಾರೆ. ಹೆಸರು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠ. ಕನ್ನಡ ಮಾತಾಡೋ ಲಿಂಗಾಯತ ಮನೆ. ತಂದೆ ಸಿದ್ಧರಾಮಯ್ಯನವರೂ ಹಾಡ್ತಿದ್ದರು. ಹುಡುಗ ಐದಾರು ವರ್ಷದವನಿದ್ದಾಗ, ಯಾರೂ ಕೂರಿಸಿ ಪಾಠ ಹೇಳದೆ, ಗ್ರಾಮಫೋನ್ ಪ್ಲೇಟಿನಲ್ಲಿ ಕೇಳಿದ್ದನ್ನ ಹಾಗ್ಹಾಗೇ ಹಾಡಿಬಿಡ್ತಿದ್ದ. ಸವಾಯಿ ಗಂಧರ್ವರ ಹಾಡು ಕೇಳಿದರೆ ಸವಾಯಿ ಗಂಧರ್ವರ ಹಾಗೆ, ಅಬ್ದುಲ್ ಕರೀಂ ಖಾನರ ಪ್ಲೇಟ್ ಹಾಕಿದರೆ ಅವರ ಹಾಗೆ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಆಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗೋದು, ಒಂದು ಬದಿಗೆ ಮೂರು ನಿಮಿಷದ ಚಿಲ್ಲರೆ ಸಂಗೀತ. ಒಂದು ರಾಗವನ್ನ ಗಂಟೆಗಟ್ಟಲೆ ಹಾಡೋ ಉಸ್ತಾದರು ಪ್ಲೇಟಿಗಾಗಿ ಅದನ್ನ ಮೂರು ನಿಮಿಷಕ್ಕೆ ಹಿಂಡಿ ಕೊಡ್ತಿದ್ದರು. ಸುಳೇಭಾವಿಯ ಹುಡುಗನ ಕಿವಿಗೆ ಬಿದ್ದದ್ದು ಈ ಹಿಂಡಿದ ಸಾರ. ಕಡಿಮೆ ಹೊತ್ತಿನಲ್ಲಿ ಪೂರ್ತಿ ರಾಗ ನಿಲ್ಲಿಸೋ ಕಲೆ ಮುಂದೆ ಅವರ ಕೈಗೆ ಅಷ್ಟು ಚೆನ್ನಾಗಿ ಹತ್ತಿದ್ದಕ್ಕೆ ಇದೂ ಒಂದು ಕಾರಣ ಇರಬೇಕು ಅಂತ ನಮಗೆ ಅನ್ಸುತ್ತೆ. ಯಾವ ಪುಸ್ತಕದಲ್ಲೂ ಓದಿದ್ದಲ್ಲ, ನಮ್ಮದೇ ಊಹೆ.

ಏಳು ವರ್ಷದ ಹೊತ್ತಿಗೆ ಹುಡುಗನ ಹಾಡು ಕೇಳಿ ಬೆರಗಾದ ಮಠದ ಸ್ವಾಮಿಗಳು ಕುಮಾರ ಗಂಧರ್ವ ಅಂತ ಬಿರುದು ಕೊಟ್ಟರು. ಬಿರುದೇ ಹೆಸರಾಯ್ತು, ಶಿವಪುತ್ರ ಅನ್ನೋದು ಹಿಂದೆ ಸರೀತು. ಊರೂರು ಸುತ್ತಿ ಕಛೇರಿ. ಸ್ವಲ್ಪ ಯೋಚನೆ ಮಾಡಿ, ಇವತ್ತಾಗಿದ್ದರೆ ಟಿವಿಯ ಲಿಟಲ್ ಸ್ಟಾರ್ ಶೋಗೆ ಹಾಕಿ, ಎರಡು ಸೀಸನ್ ಕುಣಿಸಿ ಮರೆತುಬಿಡ್ತಿದ್ದರು. ಆಗಲೂ ಆ ಅಪಾಯ ಇತ್ತು. ಪ್ಲೇಟಿನ ನಕಲು ಮಾಡೋ ಹುಡುಗ ದೊಡ್ಡವನಾದ ಮೇಲೆ ಯಾರು ಕೇಳ್ತಾರೆ?

1936ರಲ್ಲಿ ಮುಂಬೈಯ ಜಿನ್ನಾ ಹಾಲ್‌ನಲ್ಲಿ ನಡೆದ ಸಂಗೀತ ಸಮ್ಮೇಳನದಲ್ಲಿ ಹಾಡಿದಾಗ ದೊಡ್ಡ ದೊಡ್ಡ ಗಾಯಕರ ಮುಂದೆ ಈ ಪುಟ್ಟ ಹುಡುಗ ಸಭೆಯನ್ನೇ ಗೆದ್ದುಬಿಟ್ಟ. ಅದೇ ವರ್ಷ ಮುಂಬೈಯಲ್ಲೇ ಪ್ರೊಫೆಸರ್ ಬಿ.ಆರ್. ದೇವಧರ ಅವರ ಸಂಗೀತ ಶಾಲೆ ಸೇರಿದ. ದೇವಧರ ಮೀರಜ್‌ನವರು, ವಿಷ್ಣು ದಿಗಂಬರ ಪಲುಸ್ಕರರ ಶಿಷ್ಯರು. ಆದರೆ ಒಂದೇ ಘರಾಣೆಯ ಬೇಲಿಯೊಳಗೆ ಶಿಷ್ಯನನ್ನ ಕಟ್ಟಿಹಾಕೋ ಪೈಕಿ ಅಲ್ಲ. ಪಾಶ್ಚಾತ್ಯ ಸಂಗೀತವನ್ನೂ ಕಲಿತಿದ್ದರು, ಧ್ವನಿಯನ್ನ ಹೇಗೆ ಬೆಳೆಸಬೇಕು ಅನ್ನೋದನ್ನ ವಿಜ್ಞಾನದ ಥರ ನೋಡ್ತಿದ್ದರು. ಅವರ ಶಾಲೆಗೆ ಎಲ್ಲ ಘರಾಣೆಯ ಗಾಯಕರು ಬಂದು ಹೋಗ್ತಿದ್ದರು. ಹುಡುಗ ಹತ್ತು ವರ್ಷಕ್ಕೂ ಮೇಲೆ ಅಲ್ಲಿದ್ದ, ಅಂಜನಿಬಾಯಿ ಮಾಲ್ಪೇಕರ ಅವರ ಹತ್ತಿರವೂ ಕಲಿತ, ಕೊನೆಗೆ ಅದೇ ಶಾಲೆಯಲ್ಲಿ ಪಾಠ ಹೇಳೋ ಹಂತಕ್ಕೆ ಬಂದ. ನಕಲು ಮಾಡ್ತಿದ್ದ ಕಿವಿ ಇಲ್ಲಿ ಪ್ರಶ್ನೆ ಕೇಳೋದನ್ನ ಕಲೀತು.

1947ರಲ್ಲಿ ಅದೇ ಶಾಲೆಯಲ್ಲಿ ಕಲೀತಿದ್ದ ಭಾನುಮತಿ ಅವರ ಜೊತೆ ಮದುವೆ. ದೇಶಕ್ಕೆ ಸ್ವಾತಂತ್ರ್ಯ ಬಂತು. ಇವರಿಗೆ ವಯಸ್ಸು 23, ಹೆಸರು ದೇಶದ ತುಂಬ. ಆಗ ಬಂದದ್ದು ಕ್ಷಯ.

ಆ ಕಾಲಕ್ಕೆ ಟಿಬಿ ಅಂದ್ರೆ ಏನು ಅನ್ನೋದು ನಮ್ಮ ತಲೆಮಾರಿಗೆ ಅಂದಾಜಾಗೋದು ಕಷ್ಟ. ಔಷಧ ಇರಲಿಲ್ಲ. ಒಣ ಹವೆ ಇರೋ ಊರಿಗೆ ಹೋಗು, ಮಲಗು, ಚೆನ್ನಾಗಿ ಊಟ ಮಾಡು, ಇಷ್ಟೇ ಚಿಕಿತ್ಸೆ. ಉಳಿದರೆ ಅದೃಷ್ಟ. ಡಾಕ್ಟರು ಹಾಡೋದನ್ನ ಪೂರ್ತಿ ನಿಲ್ಲಿಸಿದರು. 1948ರ ಜನವರಿ ಕೊನೆಗೆ ಗಂಡ-ಹೆಂಡತಿ ಮಧ್ಯಪ್ರದೇಶದ ದೇವಾಸ್‌ಗೆ ಬಂದರು. ಇಂದೋರಿನ ಹತ್ತಿರದ, ಗುಡ್ಡದ ಮೇಲೆ ದೇವಿ ಇರೋ ಸಣ್ಣ ಊರು. ಇಂಗ್ಲಿಷ್ ಕಾದಂಬರಿ ಓದೋರಿಗೆ ಇ.ಎಂ. ಫಾರ್ಸ್ಟರ್ ಮೂಲಕ ಈ ಊರಿನ ಹೆಸರು ಗೊತ್ತಿರಬಹುದು, ಆತ 1921ರಲ್ಲಿ ಇಲ್ಲಿನ ಮಹಾರಾಜರ ಕಾರ್ಯದರ್ಶಿಯಾಗಿದ್ದ.

ಮುಂದಿನ ಐದಾರು ವರ್ಷ ಕುಮಾರ ಗಂಧರ್ವ ಹಾಡಲಿಲ್ಲ. ಭಾನುಮತಿ ಶಾಲೆಯಲ್ಲಿ ಪಾಠ ಹೇಳಿ ಮನೆ ನಡೆಸಿದರು, ರೋಗಿಯನ್ನೂ ನೋಡಿಕೊಂಡರು. ಅವರೂ ಗಾಯಕಿ ಅನ್ನೋದನ್ನ ನೆನಪಿಡಬೇಕು. ಈ ಕತೆ ಹೇಳುವಾಗ ಎಲ್ಲರೂ ಅವರನ್ನ ಒಂದು ಸಾಲಿನಲ್ಲಿ ಮುಗಿಸಿಬಿಡ್ತಾರೆ. ಆ ಒಂದು ಸಾಲು ಇಲ್ಲದಿದ್ದರೆ ಉಳಿದ ಯಾವ ಸಾಲೂ ಇರ್ತಿರಲಿಲ್ಲ.

ಹಾಸಿಗೆ ಮೇಲೆ ಮಲಗಿದ ಗಾಯಕ ಏನು ಮಾಡಬಹುದು? ಕೇಳಬಹುದು. ಅವರು ಮಾಡಿದ್ದು ಅದನ್ನೇ. ಮಾಳವದ ಹೆಂಗಸರು ಕೆಲಸ ಮಾಡ್ತಾ, ಮದುವೆಯಲ್ಲಿ, ಹಬ್ಬದಲ್ಲಿ ಹಾಡೋ ಹಾಡುಗಳು. ಊರಿನಲ್ಲಿ ಶೀಲನಾಥ ಮಹಾರಾಜರ ಧುನಿ ಅಂತ ಒಂದು ಜಾಗ ಇದೆ, ನಾಥಪಂಥದ ಜೋಗಿಗಳು ಅಲ್ಲಿ ಬಂದು ಹೋಗೋರು. ಅವರು ಹಾಡೋ ಕಬೀರ, ಗೋರಖನಾಥರ ಪದಗಳು. ನಮ್ಮಲ್ಲಿ ತತ್ವಪದ ಹಾಡ್ತಾರಲ್ಲ, ಆ ಥರ. ಕಛೇರಿಯ ಗಾಯಕರು ಇಂಥವನ್ನ ಸಂಗೀತ ಅಂತಲೇ ಲೆಕ್ಕಕ್ಕೆ ತಗೊಳ್ತಿರಲಿಲ್ಲ. ಮೂರು ನಾಲ್ಕು ಸ್ವರದೊಳಗೇ ಓಡಾಡೋ ಹಾಡು, ಅದರಲ್ಲಿ ಏನಿದೆ ಅಂತ ಬಿಟ್ಟುಬಿಡೋರು. ಹಾಡೋಕೆ ಬಾಯಿ ಇಲ್ಲದ ಮನುಷ್ಯನಿಗೆ ಅದರಲ್ಲಿ ರಾಗದ ಬೇರು ಕಂಡಿತು. ರಾಗಗಳನ್ನ ಯಾರೋ ಪಂಡಿತರು ಕೂತು ಕಟ್ಟಲಿಲ್ಲ, ಇಂಥ ಧುನ್‌ಗಳಿಂದಲೇ ಅವು ಮೊಳೆತು ಬಂದವು ಅನ್ನೋ ನಂಬಿಕೆ ಅವರಲ್ಲಿ ಗಟ್ಟಿಯಾಯ್ತು.

ಔಷಧ ಬಂದ ಕತೆಯೂ ಚೆನ್ನಾಗಿದೆ. 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಲ್ಯಾಬಿನಲ್ಲಿ ಆಲ್ಬರ್ಟ್ ಶಾಟ್ಸ್ ಅನ್ನೋ ವಿದ್ಯಾರ್ಥಿ ಮಣ್ಣಿನ ಬ್ಯಾಕ್ಟೀರಿಯಾದಿಂದ ಸ್ಟ್ರೆಪ್ಟೊಮೈಸಿನ್ ಬೇರ್ಪಡಿಸಿದ. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯ್ತು. (ಪ್ರಾಜೆಕ್ಟ್ ಮಾಡೋರು ಇದನ್ನ ಗಮನಿಸಬೇಕು!) ಆ ಔಷಧ ದೇವಾಸ್‌ವರೆಗೂ ತಲುಪಿತು, ಕುಮಾರ ಗಂಧರ್ವ ಎದ್ದು ಕೂತರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಗಿತ್ತು. 1953ರಲ್ಲಿ ಮತ್ತೆ ವೇದಿಕೆಗೆ ಬಂದರು.

ಇಲ್ಲಿಗೆ ಕತೆ ನಿಲ್ಲಿಸಿದರೆ ಚೆಂದದ ಮೋಟಿವೇಶನಲ್ ರೀಲ್ ಆಗುತ್ತೆ. ಒಂದೇ ಶ್ವಾಸಕೋಶ, ಆದರೂ ಹಾಡಿದ, ನೀನ್ಯಾಕೆ ಇಂಟರ್ನಲ್ಸ್‌ಗೆ ಹೆದರ್ತೀಯ, ಹಿಂದೆ ಕೊಳಲಿನ ಮ್ಯೂಸಿಕ್. ನಮಗೆ ಈ ರೀಲ್ ಬಗ್ಗೆ ತಕರಾರಿದೆ. ಅವರು ಹೇಗೆ ಹಾಡಿದರು ಅನ್ನೋದು ಅದರಲ್ಲಿ ಎಲ್ಲೂ ಬರೋದೇ ಇಲ್ಲ.

ರೆಕಾರ್ಡಿಂಗ್ ಹಾಕಿ ಕೇಳಿ. ಮೊದಲು ಬರೋದು ತಂಬೂರಿ. ಅವರ ತಂಬೂರಿ ಶ್ರುತಿ ಮಾಡೋ ಶ್ರದ್ಧೆ ಬಗ್ಗೆ ಸಂಗೀತಗಾರರು ಇವತ್ತಿಗೂ ಮಾತಾಡ್ತಾರೆ. ನಾವು ಇಂಜಿನಿಯರಿಂಗ್ ಹುಡುಗರು, ಇದನ್ನ ಹಾರ್ಮೋನಿಕ್ಸ್ ಅಂತ ಓದಿದ್ದೀವಿ. 100 ಹರ್ಟ್ಝ್‌ನ ತಂತಿ ಮೀಟಿದರೆ 200, 300, 400, 500 ಎಲ್ಲವೂ ಸಣ್ಣಗೆ ಕೇಳ್ತಾವೆ. 400 ಅಂದ್ರೆ ಅದೇ ಷಡ್ಜ, ಎರಡು ಸಪ್ತಕ ಮೇಲೆ. 500 ಅದರ 1.25 ಪಟ್ಟು, ಅಂದ್ರೆ ಗಾಂಧಾರ. ಯಾರೂ ಮೀಟದ ಗಾಂಧಾರ ತಂತಿಯೊಳಗಿಂದ ತಾನಾಗೇ ಹುಟ್ಟುತ್ತೆ, ಅದಕ್ಕೆ ಸ್ವಯಂಭೂ ಗಾಂಧಾರ ಅಂತಾರೆ. ಕೀಬೋರ್ಡಿನಲ್ಲಿ ಇದೇ ಸ್ವರ ಸುಮಾರು 1.26 ಪಟ್ಟು ಇರುತ್ತೆ, ಅಷ್ಟೇ ವ್ಯತ್ಯಾಸ ಕಿವಿಗೆ ಚುಚ್ಚುತ್ತೆ. ಸೇತುವೆ ಮೇಲೆ ತಂತಿ ಕೆಳಗೆ ಇಡೋ ಸಣ್ಣ ದಾರವನ್ನ ಕೂದಲೆಳೆಯಷ್ಟು ಸರಿಸಿದರೆ ಈ ಹಾರ್ಮೋನಿಕ್‌ಗಳು ಅರಳ್ತಾವೆ, ಇಲ್ಲಾ ಸಾಯ್ತಾವೆ. ಮೊಬೈಲ್ ಸ್ಪೀಕರಿನಲ್ಲಿ ಖರ್ಜದ ತಂತಿ ಹೆಚ್ಚುಕಮ್ಮಿ ಕೇಳೋದೇ ಇಲ್ಲ, ದಯವಿಟ್ಟು ಹೆಡ್‌ಫೋನ್ ಹಾಕಿಕೊಳ್ಳಿ.

ಈ ನಾದದ ಮೇಲೆ ಅವರ ದನಿ ಬಂದು ಬೀಳೋ ರೀತಿಯೇ ಬೇರೆ. ಭೀಮಸೇನ ಜೋಶಿಯವರನ್ನ ಕೇಳಿದವರಿಗೆ ನದಿ ಹರಿದಂಗೆ ಅನ್ಸುತ್ತೆ, ಒಂದು ಉಸಿರಿನಲ್ಲಿ ಎಲ್ಲಿಂದ ಎಲ್ಲಿಗೋ. ಕುಮಾರರದ್ದು ಮಿಂಚು. ಚಿಕ್ಕ ತಾನು, ಥಟ್ಟನೆ ತಾರಸ್ಥಾಯಿಗೆ ಏರಿ, ಅಲ್ಲೇ ಬಿಟ್ಟು, ಸುಮ್ಮನಾಗ್ತಾರೆ. ಆ ಸುಮ್ಮನಿರೋ ಜಾಗದಲ್ಲಿ ತಂಬೂರಿ ಹಾಡುತ್ತೆ. ವಿಳಂಬಿತವನ್ನ ತಾಸುಗಟ್ಟಲೆ ಬೆಳೆಸೋದರ ಬದಲು ಮಧ್ಯಲಯದ ಬಂದಿಶ್ ಹಿಡಿದು, ಸಾಹಿತ್ಯದ ಒಂದೊಂದು ಮಾತಿನ ಅರ್ಥ ತಿರುಗಿಸಿ ತಿರುಗಿಸಿ ನೋಡ್ತಾರೆ. ಸಂಪ್ರದಾಯದವರಿಗೆ ಇದು ಒಪ್ಪಿಗೆ ಆಗಲಿಲ್ಲ. ಘರಾಣೆ ಇಲ್ಲ, ವಿಳಂಬಿತ ಇಲ್ಲ, ಉಸಿರು ಸಾಲದ್ದಕ್ಕೆ ತುಂಡು ತುಂಡು ಹಾಡ್ತಾರೆ ಅಂದರು.

ನಮ್ಮ ನಾಲ್ವರ ಜಗಳ ಇರೋದೂ ಇಲ್ಲೇ. ಖಾನಾಪುರದ ಗೆಳೆಯನ ವಾದ ಸರಳ: ಅರ್ಧ ಉಸಿರು ಇದ್ದವ ಅರ್ಧ ಸಾಲು ಹಾಡ್ತಾನ, ಅದಕ್ಕ ಇಷ್ಟ್ಯಾಕ ತತ್ವಜ್ಞಾನ? ಉಳಿದ ಮೂವರು ಒಪ್ಪೋದಿಲ್ಲ. ಕಬೀರನ ನಿರ್ಗುಣಿ ಭಜನೆಗಳನ್ನ ಕೇಳಿದರೆ ಅವರು ತಾರಸ್ಥಾಯಿಯಲ್ಲಿ ಒಂದು ಸ್ವರ ಹಿಡಿದು ನಿಲ್ಲಿಸೋದು ಸಿಗುತ್ತೆ, ಅಲುಗಾಡದೆ, ಬಾವಿಯೊಳಗೆ ಕೂಗಿದಂಗೆ. ಉಸಿರು ಸಾಲದವನ ಕೆಲಸ ಅಲ್ಲ ಅದು. ಬೇಕಾದ ಕಡೆ ಉದ್ದ ಹಿಡೀತಾರೆ, ಬೇಡದ ಕಡೆ ಬಿಡ್ತಾರೆ. ಆ ಬಿಡೋದನ್ನ ಅವರು ಕಲಿತದ್ದು ರೋಗದಿಂದ ಎಷ್ಟೋ, ಮಾಳವದ ಜೋಗಿಗಳಿಂದಲೂ ಅಷ್ಟೇ ಅನ್ನೋದು ನಮ್ಮ ಪಕ್ಷ. ಇಂಜಿನಿಯರಿಂಗಿನಲ್ಲಿ ಇದಕ್ಕೆ ಕನ್‌ಸ್ಟ್ರೇಂಟ್ ಅಂತಾರೆ. ಕನ್‌ಸ್ಟ್ರೇಂಟ್ ಎಲ್ಲರಿಗೂ ಇರುತ್ತೆ, ಡಿಸೈನ್ ಎಲ್ಲರಿಂದ ಬರೋದಿಲ್ಲ.

ಮುಂದಿನ ದಿನಗಳಲ್ಲಿ ಅವರು ಮಾಡಿದ್ದನ್ನ ನೋಡಿದರೆ ಇದು ಇನ್ನೂ ಸ್ಪಷ್ಟ. ಜಾನಪದ ಧುನ್‌ಗಳಿಂದ ಹೊಸ ರಾಗಗಳನ್ನೇ ಎತ್ತಿದರು: ಮಾಲವತಿ, ಸಂಜಾರಿ, ಲಗನ ಗಾಂಧಾರ, ಸಹೇಲಿ ತೋಡಿ. 1965ರಲ್ಲಿ ತಮ್ಮ ಬಂದಿಶ್‌ಗಳನ್ನ ಅನೂಪರಾಗವಿಲಾಸ ಅನ್ನೋ ಪುಸ್ತಕವಾಗಿ ತಂದರು. ಗಾಂಧೀಜಿಯ ಜನ್ಮಶತಾಬ್ದಿಗೆ ಗಾಂಧಿ ಮಲ್ಹಾರ್ ಕಟ್ಟಿದರು. ಕಛೇರಿಗಳನ್ನೂ ಈಗಿನ ರಾಕ್ ಬ್ಯಾಂಡುಗಳು ಕಾನ್ಸೆಪ್ಟ್ ಆಲ್ಬಂ ಮಾಡೋ ಥರ ಒಂದೊಂದು ವಿಷಯದ ಸುತ್ತ ಕಟ್ಟಿದರು. ಮಾಳವದ ಲೋಕಧುನ್‌ಗಳಿಗೇ ಒಂದು ಕಾರ್ಯಕ್ರಮ. ಕಬೀರ, ಸೂರದಾಸ, ಮೀರಾ ಸೇರಿಸಿ ತ್ರಿವೇಣಿ. ಮರಾಠಿ ರಂಗಭೂಮಿಯ ಬಾಲಗಂಧರ್ವರ ಹಾಡುಗಳನ್ನ ತಾನು ಹೇಗೆ ಅರ್ಥ ಮಾಡಿಕೊಂಡೆ ಅಂತ ಹಾಡಿ ತೋರಿಸೋ ಒಂದು ಕಾರ್ಯಕ್ರಮ. ಚಿಕ್ಕವನಿದ್ದಾಗ ನಕಲು ಮಾಡ್ತಿದ್ದ ಹುಡುಗ ದೊಡ್ಡವನಾಗಿ ಇನ್ನೊಬ್ಬ ಗಾಯಕನನ್ನ ನಕಲು ಮಾಡದೆ ಹಾಡಿ ತೋರಿಸಿದ್ದು ನಮಗೆ ಬಹಳ ಇಷ್ಟವಾದ ಸಂಗತಿ.

ಋತುಗಳ ಮೇಲೂ ಮಾಡಿದರು. ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ. ಗೀತ ವರ್ಷಾ ಕೇಳಬೇಕಂದ್ರೆ ಖಾನಾಪುರಕ್ಕೆ ಜುಲೈನಲ್ಲಿ ಬನ್ನಿ. ಬೆಳಗಾವಿಯಲ್ಲಿ ಜಿಟಿಜಿಟಿ ಇದ್ದರೆ ಅಲ್ಲಿ ಧೋ ಅಂತ ಸುರೀತಿರುತ್ತೆ, ಕಣಕುಂಬಿ ಕಡೆಯಿಂದ ಬರೋ ಮಲಪ್ರಭಾ ಕೆಂಪಗೆ ತುಂಬಿ ಹರೀತಿರುತ್ತಾಳೆ. ಗೆಳೆಯನ ಮನೆಯ ಪಡಸಾಲೆಯಲ್ಲಿ ಕೂತು ನಾವು ಕೇಳಿದ್ದು ಹಾಗೇ. ಮಲ್ಹಾರದ ದೊಡ್ಡ ಮೋಡಗಳ ಪಕ್ಕದಲ್ಲೇ ಮಾಳವದ ಹೆಂಗಸರ ಮಳೆಹಾಡು ಬರುತ್ತೆ. ಗೆಳೆಯನ ಅಜ್ಜಿ ಒಳಗಿನಿಂದ ಬಂದು ಸ್ವಲ್ಪ ಹೊತ್ತು ನಿಂತು ಕೇಳಿ, ನಾವೂ ನಟ್ಟಿ ಹಚ್ಚುವಾಗ ಹಿಂಗ ಹಾಡ್ತಿದ್ವಿ ಅಂತ ಹೇಳಿ ಒಳಗೆ ಹೋದರು. ಹಾಡ್ರಿ ಅಂದ್ರೆ ಹಾಡಲಿಲ್ಲ. ಖಾನಾಪುರ ಮಡಕೆಗೂ ಹೆಸರಾದ ಊರು, ಕುಂಬಾರಿಕೆ ಕಲಿಸೋ ಸಂಸ್ಥೆಯೇ ಅಲ್ಲಿದೆ. ಕಬೀರನ ಪದಗಳಲ್ಲಿ ದೇಹವನ್ನ ಗಡಿಗೆ ಅಂತ ಕರೆಯೋದು ಬಂದಾಗೆಲ್ಲ ಅಲ್ಲಿನ ಮಣ್ಣಿನ ವಾಸನೆ ನೆನಪಾಗುತ್ತೆ.

ಕಬೀರನ ವಿಷಯದಲ್ಲಿ ಅವರು ಮಾಡಿದ್ದು ಅವರ ಎಲ್ಲ ಕೆಲಸದಲ್ಲಿ ದೊಡ್ಡದು ಅಂತ ನಮ್ಮ ಅಭಿಪ್ರಾಯ. ಕಛೇರಿಯ ಕೊನೆಗೆ ಒಂದು ಭಜನೆ ಹಾಡಿ ಮುಗಿಸೋದು ಪದ್ಧತಿ, ಊಟದ ಕೊನೆಗೆ ಮಜ್ಜಿಗೆ ಥರ. ಅವರು ಜೋಗಿಗಳ ನಿರ್ಗುಣಿ ಪದವನ್ನ ಊಟದ ನಡುವೆಯೇ ತಂದಿಟ್ಟರು, ಜೋಗಿಯ ಒರಟುತನ ಕಳೀದೆ, ರಾಗದ ನಿಖರತೆ ಬಿಡದೆ. ಅವುಗಳಲ್ಲಿ ಭಕ್ತಿಯ ಅಳು ಇಲ್ಲ. ಸಾವಿನ ಪಕ್ಕ ಐದಾರು ವರ್ಷ ಮಲಗಿ ಬಂದವನು ಸಾವಿನ ಬಗ್ಗೆ ಹಾಡ್ತಿದ್ದಾನೆ, ಆದರೆ ಹೆದರಿಲ್ಲ. ರಾತ್ರಿ ಎರಡು ಗಂಟೆಗೆ ಲ್ಯಾಬ್ ರೆಕಾರ್ಡ್ ಬರೀತಾ ಕೇಳಿದರೆ ಪೆನ್ನು ನಿಂತುಬಿಡುತ್ತೆ. ಇದೇ ದಾರಿ ಹಿಡಿದು ಬೆಂಗಳೂರಿನ ಶಬನಂ ವಿರ್ಮಾನಿ 2008ರಲ್ಲಿ ಕೋಯಿ ಸುನತಾ ಹೈ ಅನ್ನೋ ಸಾಕ್ಷ್ಯಚಿತ್ರ ಮಾಡಿದರು, ಕ್ಲಬ್ಬಿನಲ್ಲಿ ಒಮ್ಮೆ ಹಾಕೋ ಪ್ಲಾನ್ ಇದೆ.

ಮನೆಯೊಳಗೆ ದುಃಖ ಮುಗಿದಿರಲಿಲ್ಲ. 1961ರಲ್ಲಿ ಎರಡನೇ ಮಗನ ಹೆರಿಗೆಯ ಸಮಯದಲ್ಲಿ ಭಾನುಮತಿ ತೀರಿಕೊಂಡರು. ದೇವಾಸ್‌ನ ಮನೆಗೆ ಭಾನುಕುಲ ಅಂತ ಹೆಸರು. ಮರುವರ್ಷ ಶಿಷ್ಯೆ ವಸುಂಧರಾ ಅವರನ್ನ ಮದುವೆಯಾದರು. ನಿರ್ಗುಣಿ ಭಜನೆಗಳ ರೆಕಾರ್ಡಿನಲ್ಲಿ ಅವರ ದನಿಗೆ ಜೊತೆಯಾಗೋ ಹೆಣ್ಣು ದನಿ ಇವರದ್ದೇ. ಹಿರಿ ಮಗ ಮುಕುಲ ಶಿವಪುತ್ರ, ಮಗಳು ಕಲಾಪಿನಿ, ಮೊಮ್ಮಗ ಭುವನೇಶ ಮೂವರೂ ಗಾಯಕರು. ಮುಕುಲ ಅವರ ಹೆಸರಿನಲ್ಲಿ ಸುಳೇಭಾವಿಯ ಶಿವಪುತ್ರ ಇನ್ನೂ ಇದ್ದಾನೆ. ಕೊಂಕಾಳಿಮಠ ಹಿಂದಿ ಸೀಮೆಯಲ್ಲಿ ಕೋಮಕಲಿ ಆಯ್ತು.

ಇವರು ಯಾರವರು ಅಂತ ನಮ್ಮ ಊರಿನಲ್ಲಿ ಕೇಳಿದರೆ ಜಗಳ ಶುರುವಾಗುತ್ತೆ, ಬೆಳಗಾವಿ ಗೊತ್ತಲ್ಲ. ಹುಟ್ಟಿದ ಮನೆ ಕನ್ನಡದ್ದು, ಕಲಿತದ್ದು ಮರಾಠಿ ಗುರುಗಳ ಹತ್ತಿರ, ಹಾಡಿದ ಕಬೀರ ಹಿಂದಿ ಸೀಮೆಯವನು, ಬದುಕು ಕಟ್ಟಿದ್ದು ಮಾಳವದಲ್ಲಿ. 2014ರಲ್ಲಿ ಅಂಚೆ ಇಲಾಖೆ ಎಂಟು ಸಂಗೀತಗಾರರ ಅಂಚೆಚೀಟಿ ತಂದಾಗ ಅದರಲ್ಲಿ ನಾಲ್ವರು ನಮ್ಮ ಉತ್ತರ ಕರ್ನಾಟಕದಲ್ಲಿ ಹುಟ್ಟಿದವರು: ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಮತ್ತೆ ಇವರು. ಉಳಿದ ಮೂವರ ಬಗ್ಗೆ ಇಲ್ಲಿ ಎಷ್ಟೋ ಮಾತಾಡ್ತೀವಿ. ಇವರನ್ನ ಮಾತ್ರ ಕಟ್ಟಡಕ್ಕೆ ಹೆಸರಿಟ್ಟು ಬಿಟ್ಟುಬಿಟ್ಟಿದ್ದೀವೇನೋ.

1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಬಂದವು. 1992ರ ಜನವರಿ 12ರಂದು ದೇವಾಸ್‌ನಲ್ಲೇ ತೀರಿಕೊಂಡರು, 67 ವರ್ಷ. ಹಾಡಬೇಡ ಅಂತ ಡಾಕ್ಟರು ಹೇಳಿದ ಮೇಲೆ 40 ವರ್ಷಕ್ಕೂ ಹೆಚ್ಚು ಬದುಕಿದ್ದರು.

ಇನ್ನು ಎಲ್ಲಿಂದ ಶುರು ಮಾಡಬೇಕು ಅಂತ ಕೇಳೋರಿಗೆ: ನಿರ್ಗುಣಿ ಭಜನೆಯಿಂದ ಮಾಡಿ, ಆಮೇಲೆ ಗೀತ ವರ್ಷಾ, ಕಿವಿ ಪಳಗಿದ ಮೇಲೆ ಮಾಲವತಿ. ಖಾನಾಪುರದ ಗೆಳೆಯ ಮಾತ್ರ ಇನ್ನೂ ಒಪ್ಪಿಲ್ಲ. ಹೋದ ವಾರ ಒಂದು ಲೈವ್ ರೆಕಾರ್ಡಿಂಗ್ ಹಾಕಿ, ಸ್ಟಾಪ್‌ವಾಚ್ ಹಿಡಿದು, ಎರಡು ತಾನಿನ ನಡುವೆ ಎಷ್ಟು ಸೆಕೆಂಡ್ ಸುಮ್ಮನಿರ್ತಾರೆ ಅಂತ ಅಳೆಯೋಕೆ ಕೂತಿದ್ದ. ಹತ್ತು ನಿಮಿಷ ಆದ ಮೇಲೆ ನೋಡಿದರೆ ಸ್ಟಾಪ್‌ವಾಚ್ ತನ್ನಷ್ಟಕ್ಕೆ ಓಡ್ತಿತ್ತು, ಅವನು ಕಣ್ಣು ಮುಚ್ಚಿಕೊಂಡು ಕೂತಿದ್ದ.